ಬೇರೆ ಕೂರಿಸೋದು

ಬೆಳಗ್ಗೆ ಆರಕ್ಕೆ ಕಸದ ಲಾರಿ ಬಂದು ಅಪಾರ್ಟ್‌ಮೆಂಟಿನ ಕಬ್ಬಿಣದ ತೊಟ್ಟಿಯನ್ನು ಮೇಲಕ್ಕೆತ್ತಿ ಧಡಾರೆಂದು ಕೊಡವುತ್ತದೆ. ಎರಡು ಸಲ. ಅಂಟಿದ್ದು ಉದುರದಿದ್ದರೆ ಇನ್ನೊಂದು ಸಲ. ಹೊನ್ನಮ್ಮ ಏಳುವುದು ಆ ಸದ್ದಿಗೆ. ಡಲ್ಲಾಸಿನ ಪಕ್ಕದ ಊರು ಪ್ಲೇನೋದ ಈ ಮೂಲೆಯಲ್ಲಿ ಫ್ರೀವೇಯ ಈಚೆ ಅಪಾರ್ಟ್‌ಮೆಂಟುಗಳು, ಆಚೆ ಇಟ್ಟಿಗೆ ಮನೆಗಳು. ಆಚೆ ಕಡೆ ಪ್ರತಿ ಮನೆಗೂ ಗಾಲಿಯ ಡಬ್ಬಿ ಇದೆ. ಅವರ ಕಸವೂ ಸದ್ದಿಲ್ಲದೆ ಹೋಗುತ್ತದೆ.

ಆ ಇಟ್ಟಿಗೆ ಮನೆಗಳಿಗೆ ಶನಿವಾರ ಶನಿವಾರ ಚಪಾತಿ ಒಯ್ಯುವುದು ಹೊನ್ನಮ್ಮನ ಕೆಲಸ. ನಂಜನಗೂಡಿನ ಕಡೆಯವಳು. ಗಂಡ ಲಿಂಗರಾಜು ಕಾಂಟ್ರ್ಯಾಕ್ಟ್ ಮೇಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವನು; ಕಾಂಟ್ರ್ಯಾಕ್ಟ್ ಮುಗಿದಾಗಲೆಲ್ಲ ಊರು ಬದಲಾಗುತ್ತಿತ್ತು, ಹ್ಯೂಸ್ಟನ್, ಆಸ್ಟಿನ್, ಈಗ ಇಲ್ಲಿ. ಮಗಳು ನಿಶಿತಾ ಎಂಟನೇ ಗ್ರೇಡು. ಬರುವ ವರ್ಷ ಹೈಸ್ಕೂಲು. ಯಾವ ಬೀದಿಯ ಮಕ್ಕಳು ಯಾವ ಸ್ಕೂಲಿಗೆ ಎಂದು ನಕ್ಷೆಯಲ್ಲಿ ಎಳೆದ ಈಗಿನ ಗೆರೆಯ ಪ್ರಕಾರ ಅವಳು ಹೋಗಬೇಕಾದ ಹೈಸ್ಕೂಲಿಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಫ್ರೀವೇ ಆಚೆಯ ಹೈಸ್ಕೂಲೋ, ಬಾಲ್ಕನಿಯಲ್ಲಿ ನಿಂತರೆ ಅದರ ಆಟದ ಬಯಲಿನ ದೀಪದ ಕಂಬಗಳು ಕಾಣುತ್ತವೆ. ಅಲ್ಲಿ ಮಕ್ಕಳು ಕಡಿಮೆಯಾಗಿ ತರಗತಿಗಳು ಖಾಲಿ ಬಿದ್ದಿದ್ದವು. ಆದ್ದರಿಂದ ಗೆರೆ ಸರಿಸಿ ಅಪಾರ್ಟ್‌ಮೆಂಟಿನ ಮಕ್ಕಳನ್ನೂ ಅಲ್ಲಿಗೆ ಸೇರಿಸೋಣವೇ ಎಂದು ಸ್ಕೂಲ್ ಬೋರ್ಡು ಯೋಚಿಸುತ್ತಿತ್ತು. ನಿಶಿತಾ ಆಗಲೇ ಆ ಸ್ಕೂಲಿನ ಲ್ಯಾಬಿನ ಫೋಟೋಗಳನ್ನು ಫೋನಿನಲ್ಲಿ ಇಟ್ಟುಕೊಂಡಿದ್ದಳು.

ಶುಕ್ರವಾರ ಸಂಜೆ ಅವಳು ಊಟದ ಮೇಜಿನ ಮೇಲೆ ಒಂದು ಕಾರ್ಡು ಹರವಿ ಕೂತಿದ್ದಳು. ಹಿಸ್ಟರಿ ಟೀಚರು ವಾರಕ್ಕೊಂದು ಪದ ಕೊಡುತ್ತಾರೆ. ಕಾರ್ಡಿನ ನಡುವೆ ಪದ, ಸುತ್ತ ನಾಲ್ಕು ಚೌಕ: ಅರ್ಥ, ಚಿತ್ರ, ಚರಿತ್ರೆಯಿಂದ ಉದಾಹರಣೆ, ಮನೆಯವರಿಂದ ಕೇಳಿದ ಉದಾಹರಣೆ. ಈ ವಾರದ ಪದ ಸೆಗ್ರಿಗೇಶನ್.

"ಅಮ್ಮಾ, ಕನ್ನಡದಲ್ಲಿ ವಾಟ್ ಈಸ್ ಇಟ್?"

"ಅದೇನಂತ ಮೊದ್ಲು ನೀನು ಹೇಳು."

ನಿಶಿತಾ ಚರಿತ್ರೆಯ ಚೌಕ ಓದಿ ಹೇಳಿದಳು. ಹ್ಯೂಸ್ಟನ್ನಿನಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಇದ್ದ, ಕಪ್ಪು ಜನಾಂಗದವನು. ಲಾ ಓದಬೇಕು ಅಂತ ಆಸ್ಟಿನ್ನಿನ ಯೂನಿವರ್ಸಿಟಿಗೆ ಅರ್ಜಿ ಹಾಕಿದ. ಕಪ್ಪು ಬಣ್ಣದವನು ಅನ್ನುವ ಒಂದೇ ಕಾರಣಕ್ಕೆ ಸೇರಿಸಿಕೊಳ್ಳಲಿಲ್ಲ. ಕೋರ್ಟಿಗೆ ಹೋದಾಗ, ನಿಮ್ಮವರಿಗೆಂದೇ ಬೇರೆ ಲಾ ಸ್ಕೂಲು ತೆಗೆದಿದ್ದೇವೆ, ಅಲ್ಲಿ ಓದು ಅಂದರು. ನೆಲಮಾಳಿಗೆಯಲ್ಲಿ ಒಂದೆರಡು ಕೋಣೆ. ಅವನು ಅದಕ್ಕೆ ಕಾಲಿಡಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಗೆದ್ದೇ ಒಳಗೆ ಹೋದ. ಅದಾಗಿ ಹನ್ನೊಂದು ವರ್ಷಕ್ಕೆ ಡಲ್ಲಾಸಿನಲ್ಲಿ ಹದಿನೆಂಟು ಕಪ್ಪು ಮಕ್ಕಳು, ಇನ್ನೂ ಫಸ್ಟ್ ಗ್ರೇಡಿನ ಪುಟಾಣಿಗಳು, ಬಿಳಿಯರ ಸ್ಕೂಲುಗಳ ಮೆಟ್ಟಿಲು ಹತ್ತಿದರು.

ಹೊನ್ನಮ್ಮ ಕಲಸಿದ ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು.

"ಬೇರೆ ಕೂರಿಸೋದು," ಅಂದಳು.

"ದಟ್ಸ್ ಇಟ್? ಒಂದೇ ವರ್ಡ್ ಇಲ್ವಾ?"

"ಪುಸ್ತಕದೋರ ಹತ್ರ ಇರಬೋದು. ನಮಗೆ ಮಾಡಿ ತೋರಿಸಿದ್ರು, ಹೆಸರು ಹೇಳ್ಲಿಲ್ಲ."

ಆಮೇಲೆ, ಬೇರೆ ಯಾರದೋ ವಿಷಯ ಹೇಳುವವಳಂತೆ ಹೇಳಿದಳು. ಊರ ಶಾಲೆಯಲ್ಲಿ ಅವರ ಬೀದಿಯ ಐದು ಮಕ್ಕಳು ಬಾಗಿಲ ಬಳಿ ಕೂರುತ್ತಿದ್ದದ್ದು. ನೀರಿನ ಹಂಡೆ ಮುಟ್ಟುವಂತಿರಲಿಲ್ಲ; ಯಾರಾದರೂ ಮೇಲಿಂದ ಹೊಯ್ದರೆ ಬೊಗಸೆಯೊಡ್ಡಿ ಕುಡಿಯುತ್ತಿದ್ದದ್ದು. ಮೊಣಕೈಯಿಂದ ಸೋರಿ ಲಂಗವೆಲ್ಲ ನೆನೆಯುತ್ತಿದ್ದದ್ದು. ನಿಶಿತಾ ತಲೆಯೆತ್ತದೆ ಬರೆದಳು. ಚೌಕದಲ್ಲಿ ಜಾಗ ಸಾಲದೆ ಕಾರ್ಡು ತಿರುಗಿಸಿ ಬರೆದಳು.

ಮರುದಿನ ಹನ್ನೊಂದಕ್ಕೆ ಹೊನ್ನಮ್ಮ ಸುಧೀಂದ್ರರ ಮನೆಯ ಬೆಲ್ ಒತ್ತಿದಳು.

ಸುಧೀಂದ್ರರು ದೊಡ್ಡವರು. ಭಾನುವಾರದ ಕನ್ನಡ ಕ್ಲಾಸು ಶುರುಮಾಡಿದವರು, ರಾಜ್ಯೋತ್ಸವದಲ್ಲಿ ಸಮಾನತೆಯ ಬಗ್ಗೆ ಭಾಷಣ ಮಾಡುವವರು. ವಚನ ಹೇಳುವಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಾರೆ. ಬಹುಶಃ ತೆರೆದುಕೊಂಡು ಹೇಳುವುದು ಕಷ್ಟವಿರಬೇಕು. ಅಂದು ಅವರ ಹಾಲ್‌ನಲ್ಲಿ ಅರ್ಜಿಯೊಂದು ತಯಾರಾಗುತ್ತಿತ್ತು. ಸ್ಕೂಲಿನ ಗೆರೆ ಬದಲಾಯಿಸಬಾರದು ಎಂಬ ಅರ್ಜಿ.

ಅರ್ಜಿಗೆ ಒಂದು ಆಪತ್ತು ಬಂದಿತ್ತು. ಸಹಿ ಹೆಚ್ಚಲಿ ಎಂದು ಸುಧೀಂದ್ರರು ಊರಿಂದ ಮಕ್ಕಳ ಮನೆಗೆ ಬಂದಿದ್ದ ಅಪ್ಪಂದಿರು, ಅಮ್ಮಂದಿರು, ಅತ್ತೆಯರು ಎಲ್ಲರಿಂದಲೂ ಹಾಕಿಸಿದ್ದರು. ಆರು ತಿಂಗಳಿಗೆ ಬಂದ ಆ ಹಿರಿಯರು ವಿಳಾಸದ ಜಾಗದಲ್ಲಿ ಪ್ರಾಮಾಣಿಕವಾಗಿ ಕುವೆಂಪುನಗರ, ಜಯನಗರ, ಹಾಸನ ಎಂದು ಬರೆದಿದ್ದರು. ಪ್ಲೇನೋದ ಸ್ಕೂಲಿನ ಗೆರೆ ಅಲುಗಬಾರದೆಂದು ಮೈಸೂರು, ಹಾಸನದ ಕಡೆಯ ಹತ್ತೊಂಬತ್ತು ಜನ ಪಟ್ಟು ಹಿಡಿದಂತಾಗಿತ್ತು. ಹೊಸ ಹಾಳೆ ಬೇಕಾಗಿತ್ತು, ಹೊಸ ಸಹಿಗಳೂ; ಬೆಳಗ್ಗೆಯಿಂದ ನಾಲ್ಕಾರು ಮನೆಯವರದು ಆಗಲೇ ಬಿದ್ದಿದ್ದವು.

"ನೀನು ಹಾಕು ಅಂದೆ, ಹಾಕ್ದೆ ಕಣೋ," ಅಂದರು ಸೋಫಾದಲ್ಲಿ ಬಟಾಣಿ ಸುಲಿಯುತ್ತಿದ್ದ ಸುಧೀಂದ್ರರ ತಾಯಿ ಲೀಲಾವತಿ. "ಮನೆ ಎಲ್ಲಿದೆಯೋ ಅದನ್ನೇ ತಾನೆ ಬರೆಯೋದು? ನಿನ್ನ ಮನೆ ಅಡ್ರೆಸ್ ನಂದು ಹೇಗಾಗುತ್ತೆ?"

"ಅಮ್ಮಾ, ನೀವು ಸುಮ್ನಿರಿ." ಸುಧೀಂದ್ರರು ತಿರುಗಿದರು. "ಆ, ಹೊನ್ನಮ್ಮ! ಒಳ್ಳೇ ಹೊತ್ತಿಗೆ ಬಂದ್ರಿ. ನಿಮ್ಮದೂ ಒಂದು ಸಹಿ ಇರ್ಲಿ."

"ಏನಿದು ಸಾರ್?"

"ನಮ್ಮ ಮಕ್ಕಳ ಭವಿಷ್ಯ! ಫ್ರೀವೇ ಆಚೆ ಅಪಾರ್ಟ್‌ಮೆಂಟ್ ಮಕ್ಕಳನ್ನೆಲ್ಲ ತಂದು ನಮ್ಮ ಸ್ಕೂಲಿಗೆ ತುಂಬ್ತಾರಂತೆ. ರೇಟಿಂಗ್ ಬಿದ್ದೋಗುತ್ತೆ. ಎಂಥೆಂಥ ಮನೆಗಳಿಂದ ಬರ್ತಾವೋ ಏನೋ. ನಮಗೆ ಭೇದಭಾವ ಇಲ್ಲ, ನೋಡಿ. ಅವರ ಸ್ಕೂಲನ್ನೇ ಚೆನ್ನಾಗಿ ಮಾಡಿಕೊಡ್ಲಿ, ಯಾರು ಬೇಡ ಅಂದ್ರು?"

"ನಾವಿರೋದು ಅಲ್ಲೇ ಸಾರ್. ಅದೇ ಅಪಾರ್ಟ್‌ಮೆಂಟು."

ಮೂರು ವರ್ಷ ಅವಳ ಚಪಾತಿ ತಿಂದವರಿಗೆ ಅದು ಯಾವ ಮನೆಯಿಂದ ಬರುತ್ತದೆಂದು ಗೊತ್ತಿರಲಿಲ್ಲ. ಅವರ ಹೆಂಡತಿ ಅನುಸೂಯಾ ಹೋದ ವಾರದ ಡಬ್ಬಿ ತೊಳೆದು ಕೊಡುವ ನೆಪದಲ್ಲಿ ಅಡುಗೆಮನೆಗೆ ಹೋದವಳು ಹೊರಗೆ ಬರಲಿಲ್ಲ. ನಲ್ಲಿ ಮಾತ್ರ ಸುಮ್ಮನೆ ಹರಿಯಿತು.

"ಅಯ್ಯೋ, ನಾನು ಹೇಳಿದ್ದು ನಿಮ್ಮಂಥವರನ್ನಲ್ಲ ಹೊನ್ನಮ್ಮ, ನೀವು ನಮ್ಮವರು! ಲಿಂಗರಾಜು ಐಟೀಲಿದಾರೆ ಅಂದಾಗ ನಾನು ಮನೆ ತಗೊಂಡಿದೀರ ಅಂದ್ಕೊಂಡೆ." ಸುಧೀಂದ್ರರು ಮೆದುವಾಗಿ ಹತ್ತಿರ ಬಂದರು. "ಒಂದು ಕೆಲಸ ಮಾಡೋಣ. ನಿಶಿತಾಗೆ ನಮ್ಮ ಮನೆ ಅಡ್ರೆಸ್ ಕೊಡ್ತೀನಿ. ನಮ್ಮ ಜೊತೆಗೇ ಇದೀರ ಅಂತ ಕಾಗದ ಬರೆದುಕೊಡ್ತೀನಿ. ಅವಳು ಆರಾಮಾಗಿ ಇಲ್ಲಿಗೇ ಬರ್ಲಿ. ಸಹಿಗೂ ಇದೇ ಅಡ್ರೆಸ್ ಹಾಕಿ. ಗೆರೆ ಎಲ್ಲಿದ್ದರೆ ನಿಮಗೇನು?"

ಹೊನ್ನಮ್ಮ ಪೆನ್ನು ತೆಗೆದುಕೊಂಡಳು. ಸುಳ್ಳು ಹೇಳಲು ಬಾರದವಳು ಅವಳು ಅಂತೇನಲ್ಲ. ಆ ಲ್ಯಾಬು, ಹತ್ತು ನಿಮಿಷದ ದಾರಿ, ಮಗಳು ಆರೂವರೆಗೇ ಎದ್ದು ಬಸ್ಸಿಗೆ ಓಡಬೇಕಿಲ್ಲ. ಒಂದು ಸಹಿ. ಅವಳ ಕಟ್ಟಡದಲ್ಲೇ ಎಂಟನೇ ಗ್ರೇಡಿನವರು ಇನ್ನೂ ಏಳು ಮಕ್ಕಳಿದ್ದರು, ಅವರಲ್ಲಿ ನಾಲ್ವರು ನಿಶಿತಾಳ ಜೊತೆ ಒಂದೇ ಬಸ್ಸಿಗೆ ನಿಲ್ಲುವವರು. ಅವರಿಗೆ ಕೊಡಲು ಸುಧೀಂದ್ರರ ಹತ್ತಿರ ಅಡ್ರೆಸ್ ಇರಲಿಲ್ಲ. ಮನೆಗೆ ಹೋಗಿ ಮಗಳಿಗೆ ಇದನ್ನು ಯಾವ ಮಾತಿನಲ್ಲಿ ಹೇಳುವುದು? ನಿನಗೊಬ್ಬಳಿಗೆ ಮೇಲಿಂದ ಹೊಯ್ಯುತ್ತಾರಂತೆ, ಬೊಗಸೆ ಹಿಡಿ ಅಂತಲೇ?

ಅವಳು ಹಾಳೆ ಎಳೆದುಕೊಂಡು ತನ್ನ ಹೆಸರು ಬರೆದಳು. ವಿಳಾಸದ ಜಾಗದಲ್ಲಿ ತನ್ನ ಅಪಾರ್ಟ್‌ಮೆಂಟಿನ ಹೆಸರು, ಕಟ್ಟಡ, ಮನೆ ನಂಬರು, ದುಂಡಗೆ, ಓದುವಂತೆ. ಪಕ್ಕದಲ್ಲಿ ಕನ್ನಡದಲ್ಲೇ "ಈ ಅರ್ಜಿಗೆ ನನ್ನ ವಿರೋಧವಿದೆ" ಎಂದು ಬರೆದಳು.

"ಏನ್ರೀ ಇದು! ಹಾಳೆ ಕೆಡ್ತಲ್ರೀ! ಮತ್ತೆ ಎಲ್ಲರ ಹತ್ರ ಹೋಗ್ಬೇಕು!"

"ಆಗ ಓದ್ಕೊಂಡು ಹಾಕ್ತಾರೆ ಬಿಡೋ," ಅಂದರು ಲೀಲಾವತಿ, ಬಟಾಣಿಯಿಂದ ಕಣ್ಣೆತ್ತದೆ.

"ಇಷ್ಟು ವರ್ಷ ನಮ್ಮ ಮನೇಗೆ ಬಂದೋಗ್ತಾ ಇದ್ದೋರು ನೀವು," ಅಂದರು ಸುಧೀಂದ್ರರು. "ನಾಳೆ ಈ ಕಡೆ ಯಾವ ಮನೇಲಾದ್ರೂ ನಿಮಗೆ ಆರ್ಡರ್ ಸಿಗುತ್ತೆ ಅಂದ್ಕೊಂಡಿದೀರಾ?"

"ಇಲ್ಲ ಸಾರ್. ಅಂದ್ಕೊಂಡಿಲ್ಲ." ಹೊನ್ನಮ್ಮ ಚಪಾತಿಯ ಕಟ್ಟನ್ನು ಮೇಜಿನ ಮೇಲಿಟ್ಟು ಚೀಲ ಮಡಚಿಕೊಂಡಳು. "ಬಿಸಿಯಾಗಿದೆ, ತಿನ್ನಿ. ಮಂಗಳವಾರ ಬೋರ್ಡ್ ಮೀಟಿಂಗಲ್ಲಿ ಯಾರು ಬೇಕಾದ್ರೂ ಮೂರು ನಿಮಿಷ ಮಾತಾಡಬೋದಂತೆ. ನನ್ನ ಇಂಗ್ಲಿಷ್ ಹರಕು ಮುರುಕು. ನಿಶಿತಾ ಪಕ್ಕದಲ್ಲಿ ನಿಂತು ಹೇಳಿಕೊಡ್ತಾಳೆ. ನೀವೂ ಬನ್ನಿ, ಕಣ್ಣು ತೆರ್ಕೊಂಡು ಕೂತ್ಕೊಳ್ಳಿ, ನಾನು ಮೊದಲನೇ ಮಾತೇ ಏನು ಹೇಳೋದು ಅಂದ್ರೆ," ಎನ್ನುತ್ತಲೇ ಬಾಗಿಲು ದಾಟಿ ಮೆಟ್ಟಿಲಿಳಿದು, ಮಾತು ಇನ್ನೂ ಬಾಯಲ್ಲಿರುವಾಗಲೇ ಕಾರಿನ ಕಡೆಗೆ ನಡೆದಳು.