ಗುರುತು ಉಳಿಯುತ್ತಾ ಡಾಕ್ಟ್ರೇ?

ಇವತ್ತು ಬೆಳಿಗ್ಗೆ ಸೊಸೆ ಹರಳೆಣ್ಣೆ ಬಿಸಿಗಿಟ್ಟಿದ್ದಳು. ಆ ವಾಸನೆ ಹಜಾರಕ್ಕೆ ಬಂದದ್ದೇ ತಡ, ಮುಳಬಾಗಿಲಿನ ನಮ್ಮ ಹಳೆಯ ಮನೆಯ ಬಚ್ಚಲು ನೆನಪಾಯಿತು, ಅದರ ಜೊತೆಗೆ ನಮ್ಮತ್ತೆಯೂ. ವಿಷಯ ಸ್ವಲ್ಪ ಸಂಕೋಚದ್ದು. ಆದರೂ ಇಷ್ಟು ಹತ್ತಿರ ಬಂದು ಕೂತಿದ್ದೀರಿ, ಹೇಳಿಯೇಬಿಡುತ್ತೇನೆ.

ನನ್ನ ಎದೆ ಬಹಳ ದೊಡ್ಡದಿತ್ತು. ನೋಡುವವರಿಗೆ ತಮಾಷೆ, ಹೊರುವವಳಿಗೆ ಭಾರ. ಶಾಲೆಯಲ್ಲಿ ಪಾಠ ಮಾಡುವಾಗ ಸೀಮೆಸುಣ್ಣಕ್ಕೆ ಒಂದು ಕೈ, ಸೆರಗು ಎಳೆದುಕೊಳ್ಳಲು ಇನ್ನೊಂದು ಕೈ. ಕತ್ತು, ಭುಜ, ಬೆನ್ನು ಸದಾ ನೋಯುತ್ತಿದ್ದವು. ಬೇಸಿಗೆಯಲ್ಲಿ ಎದೆಯ ಕೆಳಗೆ ಬೆವರಿ ಹುಣ್ಣಾಗುತ್ತಿತ್ತು. ಬಸ್ಸಿನ ಹಿಂದೆ ಓಡುವುದನ್ನಂತೂ ಮದುವೆಗೆ ಮುಂಚೆಯೇ ಬಿಟ್ಟಿದ್ದೆ. ಹೋದರೆ ಹೋಗಲಿ, ಇನ್ನೊಂದು ಬರುತ್ತದೆ ಎಂದು ದೊಡ್ಡ ವೇದಾಂತಿಯ ಹಾಗೆ ನಿಂತುಬಿಡುತ್ತಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆ ಇರಬೇಕು. ಬೆನ್ನುನೋವಿಗೆಂದು ಕೋಲಾರಕ್ಕೆ ಹೋದವಳನ್ನು ಅಲ್ಲಿನವರು ಒಬ್ಬ ಲೇಡಿ ಡಾಕ್ಟರ ಹತ್ತಿರ ಕಳಿಸಿದರು. ಎದೆಯ ಭಾರ ಇಳಿಸುವ ಆಪರೇಷನ್ ಒಂದಿದೆ ಎಂದು ಅವರು ಹೇಳಿದಾಗ ಕುರ್ಚಿಯ ತುದಿಗೆ ಬಂದೆ. ಆದರೆ ಬಾಯಿಂದ ಬಂದ ಮೊದಲ ಪ್ರಶ್ನೆ ನೋವಿನದಲ್ಲ, ಖರ್ಚಿನದೂ ಅಲ್ಲ.

"ಗುರುತು ಉಳಿಯುತ್ತಾ ಡಾಕ್ಟ್ರೇ?"

"ಉಳಿಯುತ್ತಮ್ಮ. ಉಳಿಯಲ್ಲ ಅಂತ ಯಾರಾದ್ರೂ ಹೇಳಿದ್ರೆ ಅವ್ರತ್ರ ಹೋಗ್ಬೇಡಿ," ಎಂದರು. ಮೊಲೆತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ನೇರ ಕೆಳಕ್ಕೆ ಒಂದು, ಕೆಳಗಿನ ಮಡಿಕೆಯಲ್ಲಿ ಒಂದು ಎಂದು ಚೀಟಿಯ ಮೇಲೆ ಬರೆದು ತೋರಿಸಿದರು. ಮೊದಲ ಕೆಲವು ತಿಂಗಳು ಕೆಂಪಗಿರುತ್ತದೆ, ಬರುಬರುತ್ತಾ ತಿಳಿಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಲವರ ಚರ್ಮದಲ್ಲಿ ಉಬ್ಬಿ ನಿಲ್ಲುವುದೂ ಉಂಟಂತೆ. ಅದಕ್ಕೇ ನನ್ನ ತೋಳಿನ ಮೇಲಿದ್ದ ಹಳೆಯ ಲಸಿಕೆಯ ಕಲೆಯನ್ನು ಬೆರಳಿನಿಂದ ಸವರಿ ನೋಡಿದರು.

ಅಲ್ಲಿಂದ ಶುರುವಾಯಿತು ನನ್ನ ಹುಚ್ಚು. ಕಂಡಕಂಡವರ ಕಲೆಗಳನ್ನು ತಪಾಸಣೆ ಮಾಡುವ ಇನ್ಸ್‌ಪೆಕ್ಟರ್ ಆಗಿಬಿಟ್ಟೆ. ರಾಯಲ್ಪಾಡಿನಿಂದ ಬರುತ್ತಿದ್ದ ಟೀಚರ ಮೊಣಕೈ ಮೇಲಿನ ಸುಟ್ಟ ಗುರುತನ್ನು ಸ್ಟಾಫ್ ರೂಮಿನಲ್ಲಿ ಕದ್ದು ನೋಡಿದೆ. ಓರಗಿತ್ತಿಯನ್ನು ಕೋಣೆಗೆ ಕರೆದು, ಸಿಸೇರಿಯನ್ ಆದ ಜಾಗ ತೋರಿಸು ಎಂದೆ. "ನಿಂಗೇನ್ ಬಂತೇ ರೋಗ!" ಎಂದು ಬೈದರೂ ಪಾಪ, ತೋರಿಸಿದಳು.

ನಗಬೇಡಿ, ನನ್ನ ಹೆದರಿಕೆಗೆ ಕಾರಣವಿತ್ತು. ಯಜಮಾನರು "ನೋವು ನಿಂದು, ನಿಂಗೆ ಸರಿ ಅನ್ಸಿದ್ದು ಮಾಡು" ಎಂದು ಒಪ್ಪಿದ್ದರು. ಅಡ್ಡ ಬಂದದ್ದು ದೀಪಾವಳಿ. ನಮ್ಮ ಮನೆಯಲ್ಲಿ ನರಕ ಚತುರ್ದಶಿಯ ದಿನ ಸೊಸೆಯಂದಿರಿಗೆ ಅತ್ತೆಯೇ ಎಣ್ಣೆ ಹಚ್ಚಬೇಕು. ಬಚ್ಚಲಿನ ಬಾಗಿಲು ಹಾಕಿ, ಮುಂದೆ ಒಂದು ತೆಳ್ಳನೆಯ ಪಂಚೆ ಹಿಡಿದು ಮಣೆಯ ಮೇಲೆ ಕೂತರೆ ನೆತ್ತಿಯಿಂದ ಸೊಂಟದವರೆಗೆ ತಿಕ್ಕುತ್ತಿದ್ದರು. ಪಂಚೆ ಜಾರಿ, ಆ ಗೆರೆಗಳು ಅವರ ಕಣ್ಣಿಗೆ ಬಿದ್ದರೆ? ದೇವರು ಕೊಟ್ಟ ಮೈಯನ್ನು ಶೋಕಿಗೆ ಕೊಯ್ಸಿಕೊಂಡಳು ಎಂದುಕೊಂಡರೆ? ಬೇಡ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದೆ.

ಆ ವರ್ಷದ ಹಬ್ಬವೂ ಬಂತು. ಎಣ್ಣೆ ತಿಕ್ಕುತ್ತಿದ್ದ ಅತ್ತೆಯ ಕೈ ಭುಜದ ಮೇಲೆ ನಿಂತಿತು. ಸಂಕಟವಾದರೆ ಅವರಿಗೆ ಮೊದಲು ತೆಲುಗೇ ಬರುತ್ತಿತ್ತು.

"ಏಮೇ ಇದಿ? ವರ್ಷಾ ವರ್ಷಾ ಆಳ ಆಗ್ತಾ ಇದೆಯಲ್ಲೇ!"

ಒಳಉಡುಪಿನ ಪಟ್ಟಿ ಕೊರೆದು ಎರಡೂ ಭುಜಗಳಲ್ಲಿ ಹಳ್ಳ ಬಿದ್ದಿತ್ತು. ಬರಲಿರುವ ಗುರುತಿಗೆ ಹೆದರಿ ಊರೆಲ್ಲ ಅಲೆದಿದ್ದ ನನಗೆ, ಆಗಲೇ ಬಿದ್ದಿದ್ದ ಈ ಗುರುತು ಲೆಕ್ಕಕ್ಕೇ ಬಂದಿರಲಿಲ್ಲ.

"ಪ್ರತಿ ಹಬ್ಬಕ್ಕೂ ನೋಡ್ತೀನಿ. ಕೇಳಿದ್ರೆ ನೊಂದ್ಕೋತೀಯ ಅಂತ ಸುಮ್ನಿದ್ದೆ. ಇದಕ್ಕೆ ಏನೂ ಮಾಡಕ್ಕಾಗಲ್ವಂತಾ?"

ಅಳು ತಡೆಯಲಾಗಲಿಲ್ಲ. ಎಲ್ಲ ಹೇಳಿದೆ. ನೀವು ಗುರುತು ನೋಡುತ್ತೀರೆಂದೇ ಹಿಂಜರಿದೆ ಎಂದೂ ಹೇಳಿದೆ.

"ಎಲ್ಲಿ ಬರುತ್ತೆ ಗುರುತು?"

"ಮುಂದುಗಡೆ ಅತ್ತೆ."

"ನಾನು ಎಣ್ಣೆ ಹಚ್ಚೋದು ಬೆನ್ನಿಗೆ ಕಣೇ!"

ಇಬ್ಬರೂ ನಕ್ಕುಬಿಟ್ಟೆವು. ಆ ನಗುವಿನಲ್ಲೇ ನನ್ನ ಅರ್ಧ ಭಾರ ಇಳಿಯಿತು. ಉಳಿದರ್ಧವನ್ನು ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ಇಳಿಸಿದರು.

ಆಪರೇಷನ್ ಆದ ಮೇಲೆ ಅರಿಶಿನ ಹಚ್ಚುತ್ತೇನೆಂದು ಅತ್ತೆ ಬಟ್ಟಲು ಹಿಡಿದು ಬಂದರು. ಡಾಕ್ಟರು ಹೇಳುವವರೆಗೆ ಏನೂ ಮುಟ್ಟಿಸುವ ಹಾಗಿಲ್ಲ ಎಂದಾಗ ಮುಖ ಸಣ್ಣ ಮಾಡಿಕೊಂಡರು. ಗಾಯ ಪೂರ್ತಿ ಕೂಡಿಕೊಂಡ ಮೇಲೆ ಡಾಕ್ಟರು, ಕಲೆ ಉಬ್ಬದಿರಲೆಂದು ಸಿಲಿಕೋನ್ ಹಾಳೆ ಅಂಟಿಸಲು ಹೇಳಿದರು, ಮೆಲ್ಲಗೆ ನೀವಲು ಹೇಳಿದರು. ಬಲಗಡೆಯ ಗೆರೆ ಬೇಗ ಮಾಸಿತು. ಎಡಗಡೆಯದು ಸ್ವಲ್ಪ ದಪ್ಪಗೆ ಉಳಿಯಿತು. ಮೊದಮೊದಲು ಕನ್ನಡಿಯ ಮುಂದೆ ದಿನಾ ಪರೀಕ್ಷೆ ನಡೆಯುತ್ತಿತ್ತು. ಕತ್ತು ನೋಯದೆ ನಿದ್ದೆ ಬರತೊಡಗಿದ ಮೇಲೆ ಕನ್ನಡಿ ಬರೀ ಕುಂಕುಮ ಇಟ್ಟುಕೊಳ್ಳುವುದಕ್ಕಾಯಿತು.

ಅತ್ತೆ ಹೋಗಿ ಬಹಳ ಕಾಲವಾಯಿತು. ಕಳೆದ ವಾರ ಮಂಡಿನೋವಿಗೆ ಆಸ್ಪತ್ರೆಗೆ ಹೋಗಿದ್ದೆ. "ಹಿಂದೆ ಏನಾದ್ರೂ ಆಪರೇಷನ್ ಆಗಿದ್ಯಾಮ್ಮ?" ಎಂದು ನರ್ಸ್ ಕೇಳಿದಳು. "ಇಲ್ಲಮ್ಮ," ಎಂದೆ. ವಾಪಸು ಬರುವಾಗ ಅರ್ಧ ದಾರಿಯಲ್ಲಿ ಹೊಳೆಯಿತು. ಎಂಥ ಮರೆವು ನೋಡಿ! ಆಟೋ ತಿರುಗಿಸಿಕೊಂಡು ಹೋಗಿ, "ಒಂದು ಆಗಿದೆಯಮ್ಮ, ಮರ್ತೇಹೋಗಿತ್ತು," ಎಂದೆ. ಮೈಯಲ್ಲಿ ಯಾವ ಜಾಗಕ್ಕೆ ಎಂದು ಕೇಳಿದಳು. ಬೆಂಚಿನ ತುಂಬ ಜನ ಕೂತಿದ್ದರು. ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳಿ ಬಂದೆ.