ಎಡಮಂಡಿಯವರು ಹಿಮದಲ್ಲಿ ನಿಂತದ್ದು

ಊರಿಗೆ ಹೊರಡಲು ಎರಡೇ ದಿನ ಉಳಿದಿತ್ತು, ನಮ್ಮ ಯಜಮಾನರು ಇನ್ನೂ ನಿಲ್ಲಲು ಕಲಿತಿರಲಿಲ್ಲ. ಜಾರುವುದೇನೋ ಬರುತ್ತಿತ್ತು. ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ನಿಂತರೆ ಯಾರಾದರೂ ಜಾರುತ್ತಾರೆ, ಅದೇನು ಮಹಾ ವಿದ್ಯೆ! ನಿಲ್ಲುವುದೇ ವಿದ್ಯೆ. ಇವರು ಕೆಳಗೆ ಕಟ್ಟಿದ್ದ ಕಿತ್ತಳೆ ಬಣ್ಣದ ಬಲೆಗೆ ಹೋಗಿ ಬಿದ್ದರೆ ಮಾತ್ರ ನಿಲ್ಲುತ್ತಿದ್ದರು. ಐದು ದಿನವೂ ಅದೇ ಕಥೆ.

ಗುಡ್ಡದ ತುದಿಗೆ ಹೋಗಲು ತಂತಿಯ ಮೇಲೆ ಓಡುವ ಕುರ್ಚಿಯಿತ್ತು. ಕಲಿಸುವ ಮೇಷ್ಟ್ರದು ಮಾತ್ರ ಒಂದೇ ಹಟ: ಕೆಳಗಿನ ಇಳಿಜಾರಿನಲ್ಲಿ ಕೆಂಪು ಬಾವುಟದ ಹತ್ತಿರ ಮೂರು ಸಲ ತಾವಾಗಿ ನಿಂತವರಿಗಷ್ಟೇ ಕುರ್ಚಿ. ನಮ್ಮ ಮಗಳು ಎರಡನೇ ದಿನವೇ ಮೇಲೆ ಹೋಗಿಬಂದಳು. ನಾನು ಮೊದಲ ದಿನವೇ ಕೈಮುಗಿದು ಬೆಂಚು ಹಿಡಿದೆ.

"ಸಾಕು ಬನ್ರೀ. ಅರವತ್ತಕ್ಕೆ ಅರಳುಮರಳು ಅಂತಾರಲ್ಲ, ನಿಮ್ಮನ್ನ ನೋಡೇ ಅಂದಿರ್ಬೇಕು," ಎಂದೆ.

"ಒಂದೇ ಒಂದು ಸಲ ಮೇಲಿಂದ ಇಳೀಬೇಕು ಕಣೇ. ಇಲ್ದಿದ್ರೆ ಬಂದಿದ್ದೇ ದಂಡ," ಎಂದರು ಕಾಲರಿನೊಳಗಿನ ಹಿಮ ತೆಗೆಯುತ್ತ.

ಇವರು ಬಟ್ಟೆ ಫ್ಯಾಕ್ಟರಿಯಲ್ಲಿ ಟೈಲರ್ ಆಗಿದ್ದವರು. ಇಪ್ಪತ್ತೆರಡು ವರ್ಷ ಹೊಲಿದದ್ದು ಒಂದೇ ತುಂಡು, ಸ್ಕೀ ಆಡುವವರ ಪ್ಯಾಂಟಿನ ಎಡಮಂಡಿ. ಬಲಮಂಡಿ ಪಕ್ಕದ ಮೆಷಿನ್ನಿನವರದು. ಫ್ಯಾಕ್ಟರಿಯಲ್ಲಿ ಇವರ ಹೆಸರೇ ಎಡಮಂಡಿ ಆಗಿಹೋಗಿತ್ತು. ನಾನು ಊಟದ ಡಬ್ಬಿ ತಂದರೆ ಗೇಟಿನವನು, "ಎಡಮಂಡಿ, ಮನೆಯವರು ಬಂದಿದ್ದಾರೆ!" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ತುಂಡಿಗೆ ಎರಡೂ ಬದಿ ಮಡಿಕೆ ಹಿಡಿದು ಹೊಲಿಯಬೇಕಂತೆ. ಹಾಗೆ ಹೊಲಿದ ಪ್ಯಾಂಟನ್ನು ಗೋಡೆಗೆ ನೇತುಹಾಕಿದರೂ ಅರ್ಧ ಕೂತವರ ಹಾಗೆ ಬಗ್ಗಿಯೇ ಇರುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದರೆ ಸೂಪರ್‌ವೈಸರ್, "ಹೊಲಿಯೋದಷ್ಟೇ ನಿನ್ನ ಕೆಲಸ," ಎಂದ. ಕತ್ತರಿಸುವವರೇ ತಪ್ಪಿದ್ದಾರೆ ಎಂದುಕೊಂಡು ಇವರು ಒಮ್ಮೆ ಮಡಿಕೆ ಕಿರಿದು ಮಾಡಿ ಒಂದಿಡೀ ಕಟ್ಟನ್ನು ನೆಟ್ಟಗೆ ಹೊಲಿದುಬಿಟ್ಟರು. ಉಪಕಾರ ಮಾಡಿದೆನೆಂಬ ಭಾವ! ಅಷ್ಟೂ ವಾಪಸ್ ಬಂದವು. ಎಲ್ಲರೆದುರು ಬೈಸಿಕೊಂಡು, ಒಂದೊಂದಾಗಿ ಬಿಚ್ಚಿ ಮತ್ತೆ ಹೊಲಿದರು. ಯಾಕೆ ಬಗ್ಗಿರಬೇಕು ಎಂದು ಆಗಲೂ ಯಾರೂ ಹೇಳಲಿಲ್ಲ.

ನಿವೃತ್ತಿಯಾದ ದಿನ ಮಗಳು, "ನಿಮಗೇನು ಬೇಕಪ್ಪಾ?" ಎಂದಳು. ನಾನು ಮನಸ್ಸಿನಲ್ಲೇ ಫ್ರಿಜ್ ಇಡುವ ಜಾಗ ಗುರುತು ಮಾಡುತ್ತಿದ್ದೆ. ಇವರು, "ಆ ಪ್ಯಾಂಟು ಹಾಕ್ಕೊಂಡು ಹಿಮದಲ್ಲಿ ಜಾರ್ಬೇಕಮ್ಮ," ಎಂದರು. ಮಗಳು ಟಿಕೆಟ್ ತಂದೇಬಿಟ್ಟಳು.

ಮೊದಲ ದಿನವೇ ನಾನು, "ನೋಡಿದ್ರಲ್ಲ, ಮಂಡಿ ಬಗ್ಗಿಸ್ತಾರೆ, ಅದಕ್ಕೇ ಹಾಗೆ. ಮುಗೀತಲ್ಲ," ಎಂದಿದ್ದೆ.

"ಬಗ್ಗಿದ್ರೆ ಬಟ್ಟೆ ತಾನೇ ಬಗ್ಗುತ್ತೆ. ಹೊಲಿದೇ ಬಗ್ಗಿಸ್ಬೇಕಾ? ಹಾಕ್ಕೊಂಡು ಇಳಿದ್ರೇನೇ ಗೊತ್ತಾಗೋದು," ಎಂದಿದ್ದರು.

ಆರನೇ ದಿನ ಮಧ್ಯಾಹ್ನ, ಬೂಟು ಒಣಗಿಸುವ ಕೋಣೆಯಲ್ಲಿ ಮೇಷ್ಟ್ರ ಪ್ಯಾಂಟಿನ ಅಂಚು ಮೊಳೆಗೆ ಸಿಕ್ಕಿ ಪರ್ರೆಂದು ಹರಿಯಿತು. ಇವರ ಜೇಬಿನಲ್ಲಿ ಸೂಜಿದಾರ ಇಲ್ಲದ ದಿನವೇ ಇಲ್ಲ. "ಬಿಚ್ಚೋಕೆ ಹೇಳಮ್ಮ," ಎಂದರು ಮಗಳಿಗೆ; ಮೇಷ್ಟ್ರ ಭಾಷೆ ಬರುತ್ತಿದ್ದದ್ದು ಅವಳೊಬ್ಬಳಿಗೇ. ಮೇಷ್ಟ್ರು ಟವೆಲ್ ಸುತ್ತಿಕೊಂಡು ಹೀಟರ್ ಪಕ್ಕ ಕೂತರು. ಇವರು ಪ್ಯಾಂಟು ತಿರುವಿಹಾಕಿ, ಹೊಲಿಯುವುದು ಬಿಟ್ಟು ಒಳಗೆಲ್ಲ ಬೆರಳಾಡಿಸತೊಡಗಿದರು.

"ಇಲ್ನೋಡು! ಇವರದು ಮುಂದುಗಡೆ ಸವೆದಿದೆ, ಬೂಟಿನ ನಾಲಗೆ ತಾಗೋ ಕಡೆ. ಹಿಂದುಗಡೆ ಹೊಸದರ ಹಾಗಿದೆ," ಎಂದರು. ಆಮೇಲೆ ತಾವು ಹಾಕಿದ್ದ, ಅದೇ ಬಗ್ಗಿದ ಮಂಡಿಯ ಬಾಡಿಗೆ ಪ್ಯಾಂಟಿನ ಅಂಚು ಮಡಚಿದರು. ಅಲ್ಲಿ ಮುಂದೆ ಏನೂ ಇಲ್ಲ, ಹಿಂದೆ ಮಾತ್ರ ಬೂಟು ಉಜ್ಜಿದ ಕಪ್ಪು ಕಲೆ.

ಮಗಳು ಅದನ್ನು ಹೇಳಿದ್ದೇ ತಡ, ಮೇಷ್ಟ್ರು ಟವೆಲ್ ಹಿಡಿದುಕೊಂಡೇ ಎದ್ದು ಏನೇನೋ ಕೂಗಿದರು.

"ಮುಂದಕ್ಕೆ ಒರಗು ಅಂತ ಐದು ದಿನದಿಂದ ಬಾಯಿ ಬಡ್ಕೊಂಡಿದ್ದು ಇದನ್ನೇ ಅಂತೆ ಅಪ್ಪ," ಎಂದಳು ಮಗಳು.

"ಬಾಯಲ್ಲಿ ಹೇಳಿದ್ರೆ ಟೈಲರ್‌ಗೆ ತಿಳಿಯುತ್ತಾ? ಬಟ್ಟೆಯಲ್ಲಿ ತೋರಿಸ್ಬೇಕು," ಎಂದರು ಇವರು.

ಹಿಂದಕ್ಕೆ ಯಾಕೆ ಒರಗುತ್ತಿದ್ದರು ಎಂಬುದನ್ನು ಕಂಡುಹಿಡಿದವಳು ನಾನು. ಇವರು ಬೆಂಚಿನಲ್ಲಿ ಕೂತಿದ್ದಾಗ ಸುಮ್ಮನೆ "ನಿಲ್ಲಿ" ಎಂದೆ. ಇವರ ಹಿಮ್ಮಡಿಗಳು ತಟ್ಟನೆ ನೆಲ ಒತ್ತಿದವು. ಫ್ಯಾಕ್ಟರಿಯ ಮೆಷಿನ್ನಿನಲ್ಲಿ ಪೆಡಲಿನ ಮುಂತುದಿ ಒತ್ತಿದರೆ ಓಟ, ಹಿಮ್ಮಡಿ ಒತ್ತಿದರೆ ನಿಲುಗಡೆ. ಹಿಮದಲ್ಲಿ ಹಿಮ್ಮಡಿಗೆ ಭಾರ ಬಿಟ್ಟರೆ ಹಲಗೆ ಇನ್ನೂ ಜೋರಾಗಿ ಓಡುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಮೆಷಿನ್ ಕಲಿಸಿದ ಗುಣವೂ ಅಷ್ಟೇ! ಅವತ್ತು ಸಂಜೆಯೆಲ್ಲ ರೂಮಿನಲ್ಲಿ ನಾನು "ನಿಲ್ಲಿ" ಎನ್ನುವುದು, ಇವರು ಮಂಚ ಹಿಡಿದು ಮುಂದಕ್ಕೆ ಬಾಗುವುದು. ಮದುವೆಯಾದಾಗಿನಿಂದ ಇವರು ಇಷ್ಟು ಸಲ ನನ್ನ ಮಾತು ಕೇಳಿದ್ದಿಲ್ಲ.

ಕೊನೆಯ ದಿನ ಹನ್ನೆರಡಕ್ಕೆ ಬಸ್ಸು. ಬ್ಯಾಗುಗಳನ್ನು ಬೆಂಚಿನ ಪಕ್ಕದಲ್ಲೇ ಇಟ್ಟುಕೊಂಡು ಕೂತೆ. ಮೊದಲ ಸಲ ಬಾವುಟದ ಹತ್ತಿರ ನಿಂತರು. ಮತ್ತೆ ನಿಂತರು. ಮೂರನೇ ಸಲ ಹಲಗೆಯ ತುದಿ ಬಾವುಟದ ಕೋಲಿಗೆ ತಾಗಿತು. ಮೇಷ್ಟ್ರು ಒಂದು ಗಳಿಗೆ ಆಕಾಶ ನೋಡಿ, ಆಮೇಲೆ ಕುರ್ಚಿಯ ಕಡೆ ಕೈ ತೋರಿಸಿದರು. ಅಪ್ಪ ಮಗಳು ಮೇಲೆ ಹೋದರು. ಗಂಡ ಕಣ್ಣಿಗೆ ಕಾಣದೆ ಹೋದಾಗ ಇದ್ದ ಬ್ಯಾಗುಗಳನ್ನೇ ಮೂರು ಸಲ ಎಣಿಸಿದೆ, ಸುಳ್ಳೇಕೆ ಹೇಳಲಿ.

ಅರ್ಧ ಗಂಟೆಯಾದ ಮೇಲೆ ಕಂಡರು. ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ, ಬಲು ನಿಧಾನ. ನಾಲ್ಕೈದು ವರ್ಷದ ಪುಟಾಣಿಯೊಂದು ಇವರನ್ನು ದಾಟಿ ಹೋಯಿತು. ಬಲೆಯ ತಂಟೆಗೆ ಹೋಗದೆ ಬಂದು ಸರಿಯಾಗಿ ನನ್ನ ಮುಂದೆ ನಿಂತರು. ನಿಂತ ಮೇಲೂ ಬಗ್ಗಿಯೇ ಇದ್ದರು.

"ಅಪ್ಪ, ಬಂದಾಯ್ತು, ನೆಟ್ಟಗೆ ನಿಂತ್ಕೊಳ್ಳಿ," ಎಂದಳು ಹಿಂದೆಯೇ ಬಂದ ಮಗಳು.

ಇವರು ಎಡಮಂಡಿಯ ಮೇಲೆ ಕೈಯಿಟ್ಟುಕೊಂಡಿದ್ದರು. "ಬಟ್ಟೆ ಇದೆ ಅನ್ನೋದೇ ಗೊತ್ತಾಗ್ಲಿಲ್ಲ ಕಣೇ. ಮೇಲಿಂದ ಇಲ್ಲೀವರೆಗೂ ಮಂಡಿ ಬಗ್ಗಿಕೊಂಡೇ ಇತ್ತು, ಒಂದು ಕಡೇನೂ ಎಳೀಲಿಲ್ಲ. ನಾನು ನೆಟ್ಟಗೆ ಹೊಲಿದಿದ್ನಲ್ಲ, ಅದನ್ನ ಹಾಕ್ಕೊಂಡಿದ್ರೆ ಯಾರ್ಯಾರು ಬೀಳ್ತಿದ್ರೋ ಪಾಪ. ಅವತ್ತು ಬೈದಿದ್ದು ಸರಿಯಾಗೇ ಇತ್ತು."

ಮಂಡಿಯ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಆದ್ರೂ ಒಂದು ಮಾತು ಹೇಳಿದ್ರೆ ಸಾಕಿತ್ತು, ಅಲ್ವಾ? ಹಾಕ್ಕೊಳ್ಳೋರು ಮಂಡಿ ಬಗ್ಗಿಸ್ಕೊಂಡೇ ಇರ್ತಾರಪ್ಪ, ಅಂತ. ಒಂದೇ ಮಾತು."

ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಹಿಮದಲ್ಲೇ ಕುಕ್ಕರುಗಾಲಲ್ಲಿ ಕೂತು, "ಎಡಗಾಲು ಮೊದಲು ಕೊಡಿ," ಎಂದು ಬೂಟಿನ ಕೊಕ್ಕೆ ಬಿಚ್ಚಿದೆ.