ಲಿಂಗರಾಜು ಅಂಕಲ್ ತಿಕ್ಕಿದ ತುಕ್ಕು

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಒಪ್ಪಿಕೊಂಡು ಲಿಂಗರಾಜು ಅಂಕಲ್ ಬಗ್ಗೆ ಬರೆಯಲು ಕೂತಿದ್ದೇನೆ. ಅವರಿಗೆ ನಾನು ಸಲ್ಲಿಸಬೇಕಾದ ಕೃತಜ್ಞತೆ ಒಂದು ಬೈಗುಳದಿಂದ ಶುರುವಾಗುತ್ತದೆ.

ಬೆಂಗಳೂರಿನ ಒಂದು ಯಂತ್ರದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಫಿಟ್ಟರ್ ಆಗಿದ್ದವರು ಅವರು. ಕಾರ್ಖಾನೆ ಸೊರಗಿ, ಸ್ವಯಂನಿವೃತ್ತಿ ಕೊಟ್ಟು ಮನೆಗೆ ಕಳಿಸಿದರು. ಅಮೆರಿಕದಲ್ಲಿದ್ದ ಅವರ ತಮ್ಮ ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿ ಅದೇ ಹೊತ್ತಿಗೆ ಮಂಜೂರಾಗಿ, ಹೆಂಡತಿ ಹೊನ್ನಮ್ಮನವರ ಜೊತೆ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ಗೆ ಬಂದರು. ಅಲ್ಲಿನ ಇಂಡಿಯನ್ ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದರು. ಒಮ್ಮೆ ನನ್ನ ಕಾರಿನ ಡಿಕ್ಕಿ ಮುಚ್ಚದೆ ಸತಾಯಿಸಿದಾಗ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಎರಡೇ ನಿಮಿಷದಲ್ಲಿ ಸರಿಮಾಡಿದರು. ಇಂಥ ಮನುಷ್ಯ ನಮಗೆ ಬೇಕು ಅನ್ನಿಸಿತು.

ನಮಗೆ ಅಂದರೆ ಹ್ಯೂಸ್ಟನ್ನಿನ ಒಂದು ಪುಟ್ಟ ಕಲಾ ಸಂಸ್ಥೆಗೆ. ಕಮ್ಯುನಿಸ್ಟ್ ಆಡಳಿತ ಬಿದ್ದುಹೋದ ಯುರೋಪಿನಿಂದ, ಗಡಿಯ ಆಚೆಯವರೊಬ್ಬರು ಈಚೆಯವರೊಬ್ಬರು ಹೀಗೆ ಕಲಾವಿದರನ್ನು ಜೋಡಿಯಾಗಿ ಕರೆಸಿ ಒಟ್ಟಿಗೆ ಕೆಲಸ ಮಾಡಿಸುವುದು ನಮ್ಮ ಕಸುಬು. ಪತ್ರ ಬರೆಯುವುದರಿಂದ ಕಾಫಿ ಕಾಯಿಸುವತನಕ ಎಲ್ಲಕ್ಕೂ ನಾನೇ, ವಸುಧಾ. ಪೆಟ್ಟಿಗೆ ಬಿಚ್ಚಲು, ಮೊಳೆ ಹೊಡೆಯಲು ಅಂಕಲ್ ಬಂದರು, ಅಂಗಡಿ ಕೆಲಸ ಬಿಡದೆಯೇ. ಕಲಾಕೃತಿ ಇಡುವ ನಮ್ಮ ಗೋದಾಮಿನ ಬೀಗದಕೈಯೂ ಅವರ ಹತ್ತಿರವೇ ಇತ್ತು.

ಎರಡು ಸಾವಿರದ ಇಸವಿ ಅಕ್ಟೋಬರ್‌ನಲ್ಲಿ ಬಂದವರು ಸ್ಲೊವಾಕಿಯಾದ ಝುಝಾನಾ ಮತ್ತು ಹಂಗೇರಿಯ ಆಂಡ್ರಾಶ್. ಇಬ್ಬರ ಊರಿಗೂ ನಡುವೆ ಡ್ಯಾನ್ಯೂಬ್ ನದಿಯೊಂದೇ. ಎರಡೂ ದಡದಲ್ಲಿ ಮುಚ್ಚಿಹೋದ ಕಾರ್ಖಾನೆಗಳ ಇನ್ನೂರು ಸ್ಪ್ಯಾನರು, ಸುತ್ತಿಗೆಗಳನ್ನು ಗುಜರಿಯಿಂದ ಎತ್ತಿ ತಂದು ಉದ್ದನೆಯ ಮೇಜಿನ ಮೇಲೆ ಬೆರೆಸಿ ಜೋಡಿಸಿದ್ದರು. ನಿಯಮ ಒಂದೇ, ತುಕ್ಕು ಮುಟ್ಟುವಂತಿಲ್ಲ. ಅದರಡಿಯ ಮುದ್ರೆ ಕಂಡು ಯಾವುದು ಯಾವ ದೇಶದ್ದು ಅಂತ ಯಾರಿಗೂ ಗೊತ್ತಾಗಬಾರದು. ಝುಝಾನಾಳ ತೀರಿಹೋದ ಅಪ್ಪ ಆ ಕಾರ್ಖಾನೆಗಳಲ್ಲೊಂದರಲ್ಲಿ ಫಿಟ್ಟರ್ ಆಗಿದ್ದರಂತೆ. ರಾಶಿಯಲ್ಲಿ ಅವರದ್ದೂ ಒಂದಿರಬೇಕು, ಯಾವುದೆಂದು ತಿಳಿಯದಿದ್ದರೂ ಪರವಾಗಿಲ್ಲ ಎಂದಿದ್ದಳು. ಹಾಗೆ ಹೇಳುವಾಗ ಅವಳು ಮೇಜಿನ ಕಡೆ ನೋಡಲಿಲ್ಲ.

ಶನಿವಾರ ಉದ್ಘಾಟನೆ, ಆಮೇಲೆ ಆಸ್ಟಿನ್, ಡಾಲಸ್. ಈ ಪ್ರದರ್ಶನ ಕೈಕೊಟ್ಟರೆ ಸಂಸ್ಥೆಗೇ ಬೀಗ ಎಂದು ಮೇಲಿನವರು ಹೇಳಿಯಾಗಿತ್ತು.

ಶುಕ್ರವಾರ ಬೆಳಗ್ಗೆ ಇಬ್ಬರನ್ನೂ ಕೂರಿಸಿಕೊಂಡು ಡ್ರೈವ್ ಮಾಡಿದೆ. ಗೋದಾಮಿನೊಳಗೆ ಕಾಲಿಟ್ಟರೆ ಊದುಬತ್ತಿ ವಾಸನೆ. ಹಣೆಗೆ ವಿಭೂತಿ ಬಳಿದುಕೊಂಡ ಅಂಕಲ್ ನೆಲದ ಮೇಲೆ ಕೂತು, ಸೀಮೆಎಣ್ಣೆ ಡಬ್ಬಿ ಪಕ್ಕಕ್ಕಿಟ್ಟುಕೊಂಡು, ತಂತಿ ಬ್ರಷ್ಷಿನಿಂದ ತುಕ್ಕು ತಿಕ್ಕುತ್ತಿದ್ದರು. ಐವತ್ತು ಸ್ಪ್ಯಾನರುಗಳು ಆಗಲೇ ಅರಿಸಿನ ಕುಂಕುಮ ಇಡಿಸಿಕೊಂಡು, ಹೂವೇರಿಸಿಕೊಂಡು ಸಾಲಾಗಿ ಮಲಗಿದ್ದವು. ಅವತ್ತು ಆಯುಧಪೂಜೆ. ನನಗೆ ನೆನಪೇ ಇರಲಿಲ್ಲ.

ಬಾಯಿಗೆ ಬಂದಂತೆ ಬೈದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು ಎಂಬುದನ್ನೂ ಮರೆತು ಬೈದೆ. ಅಂಕಲ್ ಎದ್ದು ಕೈ ಒರೆಸಿಕೊಂಡರು.

"ಹಬ್ಬದ ದಿನ ಇವನ್ನ ಹೀಗೆ ಬಿಟ್ಟು ಹೋಗೋಕೆ ಮನಸ್ಸು ಬರಲಿಲ್ಲಮ್ಮ," ಅಂದರು. "ಯಾರಿಗೋ ಅನ್ನ ದುಡಿದು ಕೊಟ್ಟಿರೋ ಸಾಮಾನು."

ಆಂಡ್ರಾಶ್ ಕೆಂಡಾಮಂಡಲವಾಗಿದ್ದ. ಕಾರ್ಖಾನೆಗಳ ಮುದ್ರೆ ಎದ್ದು ಕಾಣುತ್ತಿದೆ, ಎರಡು ವರ್ಷದ ಕೆಲಸ ಮಣ್ಣುಪಾಲಾಯಿತು, ಪ್ರದರ್ಶನವೇ ಬೇಡ ಎಂದ. ನಾನು ಮನಸ್ಸಿನಲ್ಲೇ ಸಂಸ್ಥೆಗೆ ಬೀಗ ಜಡಿದೆ.

ಝುಝಾನಾ ನೆಲದ ಮೇಲಿನ ಸಾಲಿನ ಹತ್ತಿರ ಹೋದಳು. ಕೂತು ಒಂದೊಂದೇ ಸ್ಪ್ಯಾನರ್ ಎತ್ತಿ ಹಿಡಿಯ ತುದಿ ನೋಡುತ್ತಾ ಹೋದಳು. ಅಂಕಲ್‌ಗೆ ತಕ್ಷಣ ಗೊತ್ತಾಯಿತು. ಗುರುತು ಹುಡುಕುತ್ತಿದ್ದಾಳಾ ಕೇಳಿ ಎಂದು ನನಗೆ ಹೇಳಿದರು. ಪಕ್ಕದವನು ಎತ್ತಿಕೊಂಡು ಹೋಗದಿರಲಿ ಎಂದು ಫಿಟ್ಟರುಗಳು ತಮ್ಮ ಸಾಮಾನಿಗೆ ಪಂಚ್ ಎಂಬ ಚೂಪು ಉಳಿಯಿಂದ ಸ್ವಂತ ಗುರುತು ಹೊಡೆದುಕೊಳ್ಳುತ್ತಾರಂತೆ. ಕೇಳಿದರೆ, ಅಪ್ಪನದು ಮೂರು ಚುಕ್ಕಿ ಎಂದಳು ಝುಝಾನಾ. ತಿಕ್ಕಿದ್ದ ಐವತ್ತರಲ್ಲಿ ಅದಿರಲಿಲ್ಲ. ಅವಳು ಆಂಡ್ರಾಶ್‌ನನ್ನು ಒಮ್ಮೆ ನೋಡಿ, ತಂತಿ ಬ್ರಷ್ಷು ಕೈಗೆತ್ತಿಕೊಂಡಳು.

ಮೊದಲು ಅವಳು, ಹಿಂದೆಯೇ ಅಂಕಲ್, ಆಮೇಲೆ ನಾನು ತಿಕ್ಕಲು ಕೂತೆವು. ಆಂಡ್ರಾಶ್ ಹೊರಗೆ ಹೋಗಿ ಮೂರು ಸಿಗರೇಟು ಸೇದಿ ಬಂದು, ಕೋಟು ಕಳಚಿ ಅವನೂ ಕೂತ. ಮಧ್ಯಾಹ್ನ ಎರಡರ ಹೊತ್ತಿಗೆ ಅವನ ಕೈ ನಿಂತಿತು. ಹಿಡಿದಿದ್ದ ಸಣ್ಣ ಸ್ಪ್ಯಾನರಿನ ತುದಿಯಲ್ಲಿ ಮೂರು ಚುಕ್ಕಿ ಇದ್ದವು. ಅದನ್ನು ಝುಝಾನಾಳ ಮಡಿಲಲ್ಲಿಟ್ಟ. ಅವಳು ಕೆನ್ನೆಗೆ ಒತ್ತಿಕೊಂಡು ಅತ್ತಳು. ನಾನೂ ಅತ್ತೆ, ಅಂಕಲ್‌ಗೆ ಕೈಮುಗಿದು ಕ್ಷಮೆ ಕೇಳಿದೆ.

ನಿಮ್ಮ ಗುರುತು ಯಾವುದು ಎಂದು ಆಂಡ್ರಾಶ್ ಕೇಳಿದ.

"ಎರಡು ಗೆರೆ, ಮಧ್ಯೆ ಒಂದು ಚುಕ್ಕಿ," ಅಂದರು ಅಂಕಲ್. "ಕೆಲಸ ಬಿಡೋ ದಿನ ಎಲ್ಲಾ ಕಾರ್ಖಾನೆ ಸ್ಟೋರಿಗೆ ವಾಪಸ್ ಕೊಟ್ಟೆ. ಈಗ ಯಾವ ಗುಜರೀಲಿದ್ಯೋ."

ಆಂಡ್ರಾಶ್ ತನ್ನ ಊರಿನ ಸುತ್ತಿಗೆಯೊಂದನ್ನು ಆರಿಸಿ, ಪಂಚ್ ಜೊತೆ ಅವರ ಮುಂದಿಟ್ಟ. ಅಂಕಲ್ ಕುಂಕುಮ ಇಟ್ಟು, ತಮ್ಮ ಗುರುತು ಹೊಡೆದರು. ಅದೂ ಮೇಜಿನ ಮೇಲೆ ಸೇರಿತು. ವಿಜಯದಶಮಿಯಂದು ಪ್ರದರ್ಶನ ಫಳಫಳ ಹೊಳೆಯುತ್ತಾ ಶುರುವಾಯಿತು, ಸಂಸ್ಥೆಯೂ ಉಳಿಯಿತು.

ಮರುವರ್ಷ ಆ ಪ್ರದರ್ಶನ ಡ್ಯಾನ್ಯೂಬ್ ದಡದ ಎರಡೂ ಊರುಗಳಿಗೆ ಹೋಯಿತು. ಮುದುಕರೆಲ್ಲ ಬಂದು ತಮ್ಮ ತಮ್ಮ ಗುರುತು ಹುಡುಕುತ್ತಿದ್ದಾರೆ ಎಂದು ಆಂಡ್ರಾಶ್ ಬರೆದ. ಎರಡು ಗೆರೆ ಒಂದು ಚುಕ್ಕಿಯ ಸುತ್ತಿಗೆ ಹಿಡಿದು ಒಬ್ಬ ಮುದುಕ, ಇದು ನಮ್ಮ ಕಾರ್ಖಾನೆಯವನದ್ದೋ, ಆಚೆ ದಡದವನದ್ದೋ ಎಂದು ಕೇಳಿದನಂತೆ. "ನಮ್ಮವನದ್ದೇ ಅಂದೆ," ಎಂದಿತ್ತು ಪತ್ರದಲ್ಲಿ.

ಸ್ಟಾಫರ್ಡ್‌ನ ಅಂಗಡಿಗೆ ಹೋಗಿ ಅದನ್ನು ಓದಿ ಹೇಳಿದೆ. ಅಂಕಲ್ ಹೊತ್ತಿದ್ದ ಮೂಟೆ ಇಳಿಸಿ, ಅದರ ಮೇಲೆಯೇ ಕೂತುಬಿಟ್ಟರು.